ಬರ್ನೀಸಳ ಗಿರಣಿಗೆ ಹೊರಗಿನ ಕಾಳು

ಬರ್ನೀಸ್ ಝಿಂಡಾಗೆ ಅರವತ್ತೆಂಟು ವರ್ಷ, ಬಾಯಲ್ಲಿ ಮೂವತ್ತು ಹಲ್ಲು, ಎಲ್ಲವೂ ಸ್ವಂತದ್ದು. ಈ ಲೆಕ್ಕವನ್ನು ಅವಳೇ ಸ್ಟೀವನ್ಸ್ ಪಾಯಿಂಟ್ ಊರಿಗೆಲ್ಲ ಸಾರಿದ್ದಾಳೆ. ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರಿಗೆ ಸಾಮಾನು ಮಾರುವ ಅವಳ ಅಂಗಡಿಯಲ್ಲಿ ಆ ಹಲ್ಲುಗಳೂ ಒಂದು ಉಪಕರಣ. ಮಾಲ್ಟ್ ಬಂದ ಕೂಡಲೇ ಒಂದು ಕಾಳು ಬಾಯಿಗೆ ಹಾಕಿ ಮುಂದಿನ ಹಲ್ಲಿನಲ್ಲಿ ಕಡಿಯುತ್ತಾಳೆ. ಸರಿಯಾಗಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಾದರೆ ಕಟಕ್ಕೆಂದು ಒಡೆದು ನಾಲಿಗೆಯ ಮೇಲೆ ಸಿಹಿಯಾಗಿ ಕರಗುತ್ತದೆ. ಮೊಳೆಯದ ಕಾಳಾದರೆ ಹಲ್ಲನ್ನೇ ಕೇಳುತ್ತದೆ. ಒಮ್ಮೆ ಒಬ್ಬ ವ್ಯಾಪಾರಿ ಕಳಿಸಿದ್ದ ಚೀಲವನ್ನು ಒಂದೇ ಕಾಳು ಕಡಿದು ವಾಪಸು ಕಳಿಸಿದ್ದಳು. ಅವನು ಫೋನಿನಲ್ಲಿ ಪ್ರಯೋಗಾಲಯದ ಕಾಗದ ಓದತೊಡಗಿದಾಗ, "ನಿನ್ ಕಾಗ್ದಕ್ಕೆ ಹಲ್ಲಿದ್ಯೇನೋ?" ಎಂದು ಕೇಳಿ ಇಟ್ಟುಬಿಟ್ಟಿದ್ದಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಗಿರಣಿ ಇದೆ. ಮೇಲೆ ಕಾಳು ಸುರಿಯುವ ತಗಡಿನ ಬಾಯಿ, ಅದರಡಿಯಲ್ಲಿ ಎದುರುಬದುರಾಗಿ ತಿರುಗುವ ಎರಡು ಉಕ್ಕಿನ ರೋಲರ್. ನಡುವಿನ ಸಂದು ಎಷ್ಟೆಂದರೆ, ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂವತ್ತೊಂಬತ್ತು. ಬಿಯರಿಗೆ ಕಾಳನ್ನು ಬೀಸಬಾರದು, ಒಡೆಯಬೇಕು. ಹಿಟ್ಟಾಯಿತೋ, ಬಿಸಿನೀರಿಗೆ ಬಿದ್ದು ಅಂಬಲಿ ಕಟ್ಟಿ ರಸ ಇಳಿಯುವುದಿಲ್ಲ. ಇಡಿಯಾಗಿ ಉಳಿಯಿತೋ, ಸಿಹಿ ಬಿಡುವುದಿಲ್ಲ. ಹೊಟ್ಟು ಹರಿಯದೆ ಒಳಗಿನದು ರವೆಯಂತೆ ಉದುರಬೇಕು. ಈ ಹದ ಬರ್ನೀಸಳ ಗಿರಣಿಯಲ್ಲಿ ಬಂದಂತೆ ಇಡೀ ವಿಸ್ಕಾನ್ಸಿನ್ ರಾಜ್ಯದಲ್ಲಿ ಇನ್ನೆಲ್ಲೂ ಬರುವುದಿಲ್ಲವೆಂದು ನಮ್ಮೂರವರು ಪಂದ್ಯ ಕಟ್ಟಿ ಹೇಳುತ್ತಾರೆ. ಆಮೇಲೆ ಒಂದು ಸುಳ್ಳನ್ನೂ ಸೇರಿಸುತ್ತಾರೆ: "ಎಲ್ರಾಯ್ ಮಾಡಿದ್ದಲ್ವಾ ಮತ್ತೆ!"

ಎಲ್ರಾಯ್ ಎಂದರೆ ತೀರಿಹೋದ ಅವಳ ಗಂಡ. ಒಳ್ಳೆಯ ಮನುಷ್ಯ, ಒಳ್ಳೆಯ ಬಿಯರ್ ಮಾಡುತ್ತಿದ್ದ, ಪೋಲ್ಕಾ ಕುಣಿಯುತ್ತಿದ್ದ. ಆದರೆ ಉಕ್ಕು ಕಡೆಯುವ ಲೇತ್ ಯಂತ್ರದ ಮುಂದೆ ನಿಲ್ಲಿಸಿದರೆ ಅದರ ಗುಂಡಿ ಯಾವ ಕಡೆಗೆ ತಿರುಗಿಸಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಗಿರಣಿ ಮಾಡಿದವಳು ಬರ್ನೀಸ್. ಕಾಗದದ ಕಾರ್ಖಾನೆಯ ಮಷಿನ್ ಶಾಪಿನಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದವಳು, ಅಲ್ಲಿ ಲೇತ್ ಹಿಡಿದ ಮೊದಲ ಹೆಂಗಸು. ಊಟದ ಬಿಡುವಿನ ಅರ್ಧ ಗಂಟೆಯಲ್ಲಿ, ಬಲಗೈಯಲ್ಲಿ ಸಾಸೇಜು ಸುತ್ತಿದ ಬ್ರೆಡ್ಡು, ಎಡಗೈ ಲೇತಿನ ಮೇಲೆ, ಹನ್ನೊಂದು ವಾರ ನಿಂತು ಆ ರೋಲರ್‌ಗಳನ್ನು ಕೊರೆದಿದ್ದಳು. ಎಲ್ರಾಯ್ ಮೊದಮೊದಲು, "ನಾನಲ್ಲಪ್ಪಾ, ಇವಳು" ಎನ್ನುತ್ತಿದ್ದ. ಜನ ತಮಾಷೆಯೆಂದು ನಗುತ್ತಿದ್ದರು. ಕೊನೆಗೆ ಅವನೂ ಸುಮ್ಮನಾದ. ಆ ಸುಮ್ಮನಿದ್ದುದಕ್ಕೆ ಬರ್ನೀಸ್ ಅವನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಗಿರಣಿ ಕೋಣೆಯ ಬಾಗಿಲ ಮೇಲೆ ಒಂದು ಹಲಗೆ ತೂಗುತ್ತಿತ್ತು. "ಬೇರೆ ಕಡೆ ಕೊಂಡ ಕಾಳು ಇಲ್ಲಿ ಒಡೆಯುವುದಿಲ್ಲ." ನೆಟ್‌ನಲ್ಲಿ ಚೀಲಗಟ್ಟಲೆ ಮಾಲ್ಟ್ ತರಿಸುವ ಚಟ ಊರಿಗೆ ಹತ್ತಿದ ವರ್ಷ ಅದನ್ನು ತೂಗುಹಾಕಿದ್ದಳು. ಜನ ಏನಂದುಕೊಳ್ಳಬೇಕೋ ಅದನ್ನೇ ಅಂದುಕೊಂಡರು. ಮುದುಕಿಗೆ ವ್ಯಾಪಾರದ ಚಿಂತೆ, ಹೊಟ್ಟೆಕಿಚ್ಚು ಎಂದರು. ಬರ್ನೀಸ್ ಅಂದುಕೊಳ್ಳಲಿ ಎಂದು ಬಿಟ್ಟಳು. ಜಿಪುಣಿ ಅನ್ನಿಸಿಕೊಳ್ಳುವುದು ಅವಳಿಗೆ ಕಷ್ಟವಾಗಲಿಲ್ಲ, ಹೆದರುಪುಕ್ಕಲಿ ಅನ್ನಿಸಿಕೊಳ್ಳಲು ಮಾತ್ರ ಸುತರಾಂ ತಯಾರಿರಲಿಲ್ಲ.

ಏಕೆಂದರೆ ನಿಜವಾದ ಕಾರಣ ಹೆದರಿಕೆಯೇ. ರೋಲರ್ ಕೊರೆದ ಮೇಲೆ ಅದಕ್ಕೆ ಗಡಸು ಕೊಡಬೇಕು. ಇದ್ದಿಲ ಪುಡಿಯಲ್ಲಿ ಹುಗಿದು, ಕುಲುಮೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಬೇಕು. ಅವಳು ಕಾಯಿಸಿದ ದಿನ ಕುಲುಮೆಯ ಮಾಪಕ ಕೆಟ್ಟಿತ್ತು. ಚೆರ್ರಿ ಹಣ್ಣಿನ ಕೆಂಪು ಬಂದಿದೆಯೆಂದು ಕಣ್ಣಂದಾಜಿನಲ್ಲಿ ತೆಗೆದು ಅದ್ದಿದ್ದಳು. ಗಡಸು ನಿಜವಾಗಿ ಹಿಡಿಯಿತೋ, ಎಷ್ಟು ಆಳಕ್ಕೆ ಹಿಡಿಯಿತೋ, ದೇವರಿಗೇ ಗೊತ್ತು. ತಾನು ತರಿಸುವ ಮಾಲ್ಟನ್ನು ಹಲ್ಲಿನಿಂದಲೂ ಕಣ್ಣಿನಿಂದಲೂ ಬಲ್ಲಳು, ಅದು ಸೋಸಿ ಬಂದಿರುತ್ತದೆ. ಕಂಡವರ ಚೀಲದಲ್ಲಿ ಏನಿರುತ್ತದೋ? ಒಂದು ಕಲ್ಲು, ಒಂದು ಮೊಳೆ ಸಾಕು, ರೋಲರ್ ಮುಕ್ಕಾಗಲು. ಮತ್ತೆ ಮಾಡೋಣವೆಂದರೆ ಕಾರ್ಖಾನೆ ಮುಚ್ಚಿ, ಲೇತುಗಳೆಲ್ಲ ಗುಜರಿಗೆ ಹೋಗಿ, ಮಷಿನ್ ಶಾಪಿದ್ದ ಜಾಗದಲ್ಲಿ ಈಗ ಹುಲ್ಲು ಬೆಳೆದಿದೆ. ಜೀವಮಾನದಲ್ಲಿ ತನ್ನದೆಂದು ತೋರಿಸಬಹುದಾದ ಕೆಲಸ ಅವಳಿಗೆ ಅದೊಂದೇ ಉಳಿದಿತ್ತು.

ಏಪ್ರಿಲ್‌ನ ಒಂದು ಶನಿವಾರ ಬೆಳಗ್ಗೆ ರಾಡ್ನಿ ಟೆಶ್ ಹೆಗಲ ಮೇಲೆ ಚೀಲ ಹೊತ್ತುಕೊಂಡೇ ಒಳಗೆ ಬಂದ. ಶಾಲೆಯಲ್ಲಿ ಬ್ಯಾಂಡ್ ಕಲಿಸಿ ನಿವೃತ್ತನಾದವನು, ಊರಿನ ಬಿಯರ್ ಬಳಗದ ಅಧ್ಯಕ್ಷ. ಪ್ರತಿವರ್ಷ ಮೇ ತಿಂಗಳ ಮೊದಲ ಶನಿವಾರ ಬಳಗದವರೆಲ್ಲ ಒಲೆ ಹಂಡೆ ತಂದು ಬರ್ನೀಸಳ ಅಂಗಡಿಯಂಗಳದಲ್ಲೇ ಒಟ್ಟಿಗೆ ಬಿಯರ್ ಕಾಯಿಸುವುದು ಹತ್ತೊಂಬತ್ತು ವರ್ಷದ ರೂಢಿ. ಅಂದು ಅವಳ ಗಿರಣಿಗೆ ಪುರಸೊತ್ತಿರುವುದಿಲ್ಲ.

"ಬರ್ನಿ, ಈ ಸಲ ಬಳಗದೋರೆಲ್ಲ ಸೇರಿ ನೆಟ್‌ನಲ್ಲಿ ತರಿಸಿಬಿಟ್ವಿ. ಹದಿನಾರು ಚೀಲ. ಇದು ಮೊದಲ್ನೇದು, ಒಡ್ಕೊಡು ನೋಡೋಣ," ಎಂದ ಟೆಶ್.

"ನಿಂಗೆ ಓದೋಕ್ ಬರಲ್ವಾ?" ಎಂದು ಬರ್ನೀಸ್ ಹಲಗೆ ತೋರಿಸಿದಳು.

"ಬರುತ್ತೆ ಮಾರಾಯ್ತಿ. ಆದ್ರೆ ನಿಮ್ಮಜ್ಜನ ಕಾಲ್ದಲ್ಲಿ ಗಿರಣಿಯೋನು ಕೇಳ್ತಿದ್ನಾ, ಎಲ್ಲಿಂದ ತಂದೆ ಅಂತ? ಗಿರಣಿ ಅಂದ್ಮೇಲೆ ಬಂದೋರ ಕಾಳು ಒಡೀಬೇಕು. ಕ್ಷೌರದೋನು ನಾನು ಬೆಳೆಸಿದ ಕೂದ್ಲು ಮಾತ್ರ ಕತ್ತರಿಸ್ತೀನಿ ಅಂದ್ರೆ ಆಗುತ್ತಾ?"

"ನಮ್ಮಜ್ಜನ ಕಾಲದ ಗಿರಣೀಲಿ ಇದ್ದದ್ದು ಬಂಡೆಕಲ್ಲು. ಒಂದ್ ಕಲ್ಲು ಬಿದ್ರೆ ಇನ್ನೊಂದ್ ಕಲ್ಲಿಗೆ ನೆಂಟಸ್ತನ. ಇದು ಹಾಗಲ್ಲ."

"ಮತ್ತೆ ಹ್ಯಾಗೆ?"

ಬರ್ನೀಸ್ ಹಿಂದಿನ ಕೋಣೆಯ ಬಾಗಿಲು ಎಳೆದುಕೊಂಡಳು. "ಆಗಲ್ಲ ಅಂದ್ರೆ ಆಗಲ್ಲ," ಎಂದಳು.

ಟೆಶ್ ಚೀಲ ಕೆಳಗಿಟ್ಟ. ಕೆಟ್ಟವನಲ್ಲ, ಆದರೆ ಬಳಗದ ತಗಾದೆ ಅವನ ಕುತ್ತಿಗೆಗೆ ಬಂದಿತ್ತು. "ಹಾಗಾದ್ರೆ ಈ ಸಲ ವಾಸಾ ಊರಿಗೆ ಹೋಗ್ತೀವಿ ಬರ್ನಿ. ಅಲ್ಲಿ ಅಂಗಡಿಯೋರು ಯಾರದ್ದಾದ್ರೂ ಒಡೀತಾರಂತೆ. ಮೇ ಮೊದಲ್ನೇ ಶನಿವಾರಾನೂ ಅಲ್ಲೇ."

ಹತ್ತೊಂಬತ್ತು ವರ್ಷದಲ್ಲಿ ಆ ಶನಿವಾರ ಅವಳ ಅಂಗಳ ಬಿಟ್ಟು ಹೋಗಿರಲಿಲ್ಲ. ಆದರೂ, "ಹೋಗಿ, ರಸ್ತೆ ಚೆನ್ನಾಗಿದೆ," ಎಂದಳು. ಹಾಗೆ ಹೇಳಿದವಳು ತನ್ನ ನಾಲಿಗೆಯನ್ನು ಆ ಕ್ಷಣವೇ ಕಚ್ಚಿಕೊಳ್ಳಬೇಕೆಂದಿದ್ದಳು, ಅಷ್ಟರಲ್ಲಿ ಬಾಗಿಲ ಗಂಟೆ ಟಣ್ಣೆಂದಿತು.

ಬಂದವನು ಲೆನರ್ಡ್ ಗ್ಲೊಡೊವ್ಸ್ಕಿ. ಎಂಬತ್ತನಾಲ್ಕು ವರ್ಷ, ಗೂನು ಬೆನ್ನು, ಕಿವಿ ಮುಚ್ಚುವ ಟೋಪಿ. ಮಷಿನ್ ಶಾಪಿನ ಫೋರ್‌ಮನ್ ಆಗಿದ್ದವನು. ಇಪ್ಪತ್ತೆರಡು ವರ್ಷದ ಬರ್ನೀಸ್ ಮೊದಲ ದಿನ ಕೆಲಸಕ್ಕೆ ಬಂದಾಗ ಅವಳ ಕೈಗೆ ಪೊರಕೆ ಕೊಟ್ಟು ಇಡೀ ಒಂದು ವರ್ಷ ಲೋಹದ ಸಿಪ್ಪೆ ಗುಡಿಸಿಸಿದ ಮಹಾನುಭಾವ ಇವನೇ. ನಿವೃತ್ತನಾದ ಮೇಲೆ ಪಕ್ಕದ ಪೊಲೋನಿಯಾ ಹಳ್ಳಿಯ ತನ್ನ ಹೊಲಕ್ಕೆ ಹೋಗಿ ಆಲೂಗಡ್ಡೆ ಬೆಳೆದುಕೊಂಡಿದ್ದ. ಈಗ ಒಂದು ಕೈಗಾಡಿಯಲ್ಲಿ ಹಳೆಯ ಆಲೂಗಡ್ಡೆ ಚೀಲವೊಂದನ್ನು ಎಳೆದುಕೊಂಡು ಬಂದಿದ್ದ.

"ಬರ್ನೀಸ್, ಇದನ್ನ ಒಡ್ಕೊಡ್ಬೇಕು," ಎಂದ.

ಟೆಶ್‌ಗೆ ಖುಷಿಯೋ ಖುಷಿ. "ಹಲಗೆ ಓದಿ ಯಜಮಾನ್ರೇ, ಇಲ್ಲಿ ಹೊರಗಿನ ಕಾಳು ನಡೆಯಲ್ಲ," ಎಂದ.

ಲೆನರ್ಡ್ ಕನ್ನಡಕ ಏರಿಸಿ ಹಲಗೆಯನ್ನು ಕೆಲಸದ ನಕ್ಷೆ ಓದುವ ಹಾಗೆ ಅಕ್ಷರಕ್ಷರ ಓದಿದ. "ಬೇರೆ ಕಡೆ ಕೊಂಡ ಕಾಳು ಅಂತಿದೆ. ನಾನು ಕೊಂಡಿಲ್ವಲ್ಲ. ಬೆಳ್ದಿದೀನಿ."

"ಏನು ಬೆಳ್ದಿದೀರಾ?" ಎಂದಳು ಬರ್ನೀಸ್.

"ಬಾರ್ಲಿ. ಕೊಟ್ಟಿಗೆ ಹಿಂದೆ ಕಾಲೆಕರೆ. ನಾನೇ ಬಿತ್ತಿ, ನಾನೇ ಕೊಯ್ದೆ. ಕೊಟ್ಟಿಗೆ ನೆಲದ ಮೇಲೆ ನೆನೆಹಾಕಿ ಹರಡಿ, ಎಂಟೆಂಟ್ ಗಂಟೆಗೊಂದ್ಸಲ ಕುಂಟೆಯಿಂದ ಕೆದಕಿ ಮೊಳಕೆ ಬರಿಸಿ ಒಣಗಿಸ್ದೆ. ನನ್ ಹೆಂಡ್ತಿ ಅಡಲೈನ್ ಅಂತೂ ಮನೆ ತುಂಬ ಒದ್ದೆ ಬೆಕ್ಕಿನ ವಾಸ್ನೆ ಅಂತ ಒಂದ್ ವಾರ ತಂಗಿ ಮನೇಲಿದ್ಲು." ಮುದುಕ ಉಸಿರು ತೆಗೆದುಕೊಂಡ. "ಎಂಬತ್ತು ವರ್ಷ ಬೇರೆಯೋರು ಮಾಡಿದ್ ಬಿಯರ್ ಕುಡ್ದೆ. ನೆಲದಿಂದ ಗ್ಲಾಸ್‌ವರೆಗೂ ನಂದೇ ಆದ್ದು ಒಂದ್ಸಲ ಕುಡಿದೇ ಹೋಗ್ಬೇಕು ಅಂತ."

"ಎಂಬತ್ತು ವರ್ಷಾನಾ? ನಾಲ್ಕನೇ ವಯಸ್ಸಿಂದಾನಾ?" ಎಂದ ಟೆಶ್.

"ಪೊಲೋನಿಯಾದಲ್ಲಿ ಹುಟ್ಟಿದ್ದು ಕಣಯ್ಯ. ಅಲ್ಲಿಯೋರ ಲೆಕ್ಕಕ್ಕೆ ಸ್ವಲ್ಪ ತಡವಾಗೇ ಶುರು ಮಾಡ್ದೆ," ಎಂದ ಮುದುಕ.

ಬರ್ನೀಸ್ ಚೀಲದೊಳಗೆ ಕೈ ಹಾಕಿ ಒಂದು ಕಾಳು ತೆಗೆದು ಬಾಯಿಗಿಟ್ಟಳು. ಕಟಕ್ಕೆಂದು ಒಡೆಯಿತು. ಇನ್ನೊಂದು, ಮತ್ತೊಂದು. ಏಳು ಕಾಳು ಕಡಿದಳು. ಒಂದು ಮಾತ್ರ ತುಸು ಗಟ್ಟಿ, ಉಳಿದವೆಲ್ಲ ಸಿಹಿ, ಜೊತೆಗೆ ಹುರಿದ ಕಡಲೆಯಂಥ ಒಂದು ಘಮ. ಯಾವ ಮಾಪಕವೂ ಇಲ್ಲದೆ, ಕೊಟ್ಟಿಗೆಯ ನೆಲದಲ್ಲಿ, ಬರಿಗಣ್ಣಿನಿಂದ, ಬರಿಗೈಯಿಂದ ಈ ಹದ ಹಿಡಿದಿದ್ದಾನಲ್ಲ ಈ ಮುದುಕ! ಅವಳಿಗೆ ಅವನ ಮೇಲೆ ನಲವತ್ತು ವರ್ಷದ ಸಿಟ್ಟಿತ್ತು. ಅದರ ನಡುವೆಯೂ ಮೆಚ್ಚುಗೆ ಬಂದೇಬಿಟ್ಟಿತು, ಕೆಲಸ ಬಲ್ಲವರ ಹಣೆಬರಹವೇ ಅದು.

ಆದರೆ ಕೈ ಹೊರಗೆ ತೆಗೆದಾಗ ಉಗುರಿನ ಸಂದಿಯಲ್ಲಿ ಮರಳಿತ್ತು. ಪೊಲೋನಿಯಾದ ಹೊಲಗಳಲ್ಲಿ ಪ್ರತಿ ವಸಂತಕ್ಕೂ ಆಲೂಗಡ್ಡೆಗಿಂತ ಮೊದಲು ಕಲ್ಲು ಏಳುತ್ತದೆ. ಅಂಥದೇ ಹೊಲದಲ್ಲಿ ಹುಟ್ಟಿ ಬೆಳೆದು, ಒಂಬತ್ತು ಮಕ್ಕಳಲ್ಲಿ ಆರನೆಯವಳಾಗಿ ಆ ಕಲ್ಲುಗಳನ್ನೇ ಆಯ್ದು ಬೆನ್ನು ಬಗ್ಗಿಸಿಕೊಂಡ ಬರ್ನೀಸಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾರ್ಲಿ ಕಾಳಿನಷ್ಟೇ ದಪ್ಪದ, ಬಾರ್ಲಿಯದೇ ಬಣ್ಣದ ಕಲ್ಲುಗಳು. ಹಲ್ಲು ಕಾಳನ್ನು ಪರೀಕ್ಷಿಸಬಲ್ಲದು, ಚೀಲವನ್ನಲ್ಲ. ಟೆಶ್ ತಂದ ಚೀಲಕ್ಕಿಂತ ಇದು ಹತ್ತು ಪಾಲು ಅಪಾಯ.

ಆಗುವುದಿಲ್ಲ ಎನ್ನಬೇಕೆಂದು ತಲೆಯೆತ್ತಿದಳು. ಲೆನರ್ಡ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಕುಂಟೆ ಹಿಡಿದೂ ಹಿಡಿದೂ ಅಂಗೈ ಬೊಬ್ಬೆಯೆದ್ದು ಒಡೆದಿತ್ತು.

"ಒಡ್ಕೊಡಲ್ಲ ಅಂದ್ರೆ ಬೇಜಾರಿಲ್ಲ. ಅಡಲೈನ್ ಲಟ್ಟಣಿಗೆ ಇದೆ," ಎಂದ.

ಲಟ್ಟಣಿಗೆ! ಇಷ್ಟು ಒಳ್ಳೆಯ ಮಾಲ್ಟನ್ನು ಲಟ್ಟಣಿಗೆಯಲ್ಲಿ ಅರೆದು ಹಿಟ್ಟು ಮಾಡಿ ಹಾಳುಗೆಡವುತ್ತಾನಂತೆ. ಬರ್ನೀಸಳಿಗೆ ಮೈಯೆಲ್ಲ ಉರಿಯಿತು. ಹಿಂದಿನ ಕೋಣೆಗೆ ಹೋಗಿ ಬಿಸ್ಕತ್ತು ಬೇಯಿಸುವ ನಾಲ್ಕು ತಗಡಿನ ತಟ್ಟೆಗಳನ್ನು ತಂದು ಮೇಜಿನ ಮೇಲೆ ಧಡಾರನೆ ಇಟ್ಟಳು.

"ಕೂತ್ಕೊಳಿ ಲೆನರ್ಡ್. ಹರಡಿ, ಕಲ್ಲು ಆರ್ಸಿ. ಇಡೀ ಚೀಲ. ಒಂದ್ ಕಾಳೂ ನೋಡ್ದೆ ಗಿರಣಿಗೆ ಹೋಗಕೂಡ್ದು."

"ಇಡೀ ಚೀಲಾನಾ?"

"ನಾನು ಒಂದ್ ವರ್ಷ ಗುಡಿಸ್ದೆ. ನೀವು ಒಂದ್ ಬೆಳಗ್ಗೆ ಆರ್ಸಿ."

ಮುದುಕನ ಮುಖ ಕೆಂಪಾಯಿತು. ಜಗಳ ತೆಗೆಯುತ್ತಾನೆಂದುಕೊಂಡರೆ ಕುರ್ಚಿ ಎಳೆದುಕೊಂಡು ಕೂತ. "ಗುಡ್ಸೋದು ಚೆನ್ನಾಗೇ ಗುಡಿಸ್ತಿದ್ದೆ ನೀನು," ಎಂದು ಗೊಣಗಿದ.

ಅಂಗಡಿಯಲ್ಲಿ ಅಂಥ ಶನಿವಾರ ಹಿಂದೆ ಆಗಿರಲಿಲ್ಲ. ತಟ್ಟೆಯಲ್ಲಿ ಕಾಳು ಹರಡುವುದು, ಬೆರಳಿನಿಂದ ಸರಿಸುವುದು, ಕಲ್ಲು ಸಿಕ್ಕರೆ ಕಾಫಿ ಲೋಟಕ್ಕೆ ಟಣ್ಣನೆ ಹಾಕುವುದು. ಐದು ನಿಮಿಷ ಕೈಕಟ್ಟಿ ನಿಂತಿದ್ದ ಟೆಶ್ ಆರನೆಯ ನಿಮಿಷಕ್ಕೆ ತಾನೂ ಒಂದು ತಟ್ಟೆ ಎಳೆದುಕೊಂಡ. ಯೀಸ್ಟ್ ಕೊಳ್ಳಲು ಬಂದ ಇಬ್ಬರು ನರ್ಸುಗಳೂ ಸೇರಿಕೊಂಡರು. ಬರ್ನೀಸ್ ಚೀಸ್ ಹೋಳು ತಂದಿಟ್ಟಳು. ಯಾರ ತಟ್ಟೆಯಲ್ಲಿ ಹೆಚ್ಚು ಕಲ್ಲು ಸಿಕ್ಕಿತೆಂದು ಪೈಪೋಟಿ ಹತ್ತಿತು. ಲೆನರ್ಡ್‌ಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ತನ್ನ ಹೊಲದ ಕಲ್ಲಿನ ಬಗ್ಗೆಯೂ ಒಂಥರಾ ಜಂಭ. "ನಮ್ ಹೊಲದ್ದು ಎಷ್ಟ್ ದುಂಡಗಿದೆ ನೋಡಿ," ಎನ್ನುತ್ತಿದ್ದ.

ಹನ್ನೊಂದೂವರೆಗೆ ಚೀಲ ಮುಗಿಯಿತು. ಬರ್ನೀಸ್ ಎಲ್ಲ ತಟ್ಟೆಗಳನ್ನೂ ಇನ್ನೊಮ್ಮೆ ತಾನೇ ನೋಡಿದಳು. ಆಮೇಲೆ ಗಿರಣಿಯ ಬಾಯಿಗೆ ಸುರಿದು ಗುಂಡಿ ಒತ್ತಿದಳು. ಕರಕರ ಸದ್ದು, ಹಿತವಾದ ಧೂಳು, ಕೆಳಗಿನ ಡಬ್ಬಕ್ಕೆ ಬಂಗಾರದ ಬಣ್ಣದ ತರಿ ಬೀಳತೊಡಗಿತು. ಲೆನರ್ಡ್ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿಕೊಂಡ. ಹೊಟ್ಟು ಇಡಿಯಾಗಿತ್ತು. ಅರ್ಧ ಚೀಲ ಇಳಿಯಿತು, ಮುಕ್ಕಾಲು ಇಳಿಯಿತು. ಬರ್ನೀಸಳ ಹೆಗಲು ಆಗಷ್ಟೇ ಸಡಿಲಾಗುತ್ತಿತ್ತು.

ಟಕ್! ಅದರ ಹಿಂದೆಯೇ ಕಿವಿ ಸೀಳುವ ಕಿರ್ರ್ ಸದ್ದು. ಮೋಟಾರು ಮುಲುಗಿತು, ಅದರ ಬೆಲ್ಟು ಕಿರುಚಿತು. ಬರ್ನೀಸ್ ಗುಂಡಿಗೆ ಬಡಿದು ನಿಲ್ಲಿಸಿದಳು.

"ಕಲ್ಲು," ಎಂದ ಲೆನರ್ಡ್. ಅವನ ಮುಖ ಬಿಳಿಚಿಕೊಂಡಿತ್ತು. "ನನ್ ಕಲ್ಲೇ. ಬರ್ನೀಸ್, ನಾನು..."

"ಸುಮ್ನಿರಿ."

ಅವಳು ಉಳಿದ ಕಾಳು ತೆಗೆದಳು, ತಗಡಿನ ಬಾಯಿ ಬಿಚ್ಚಿದಳು. ಅವಳಿಗೆ ನೋಡುವ ಧೈರ್ಯವಿರಲಿಲ್ಲ, ಅದನ್ನು ಒಪ್ಪಿಕೊಳ್ಳಲು ಈಗ ಜಂಭವೂ ಉಳಿದಿರಲಿಲ್ಲ. ಟಾರ್ಚನ್ನು ಲೆನರ್ಡ್‌ನ ಕೈಗೆ ಕೊಟ್ಟಳು. "ನೀವೇ ನೋಡಿ. ನಂಗಾಗಲ್ಲ. ಮುಕ್ಕಾಗಿದ್ರೆ ಮುಗೀತು. ಇನ್ನೊಂದ್ ಮಾಡೋಕೆ ಲೇತಿಲ್ಲ, ಶಾಪಿಲ್ಲ, ಏನೂ ಇಲ್ಲ."

ಟೆಶ್ ಅವಳ ಮುಖ ನೋಡಿದ. ಹಲಗೆಯ ಅರ್ಥ ಅವನಿಗೆ ಆಗ ತಿಳಿಯಿತು.

ಮುದುಕ ಬಗ್ಗಿ, ಟಾರ್ಚಿನ ಬೆಳಕು ಬಿಟ್ಟು, ರೋಲರನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಅದರ ಉದ್ದಕ್ಕೂ ಹೆಬ್ಬೆರಳು ಆಡಿಸಿದ. ಒಂದು ಸುತ್ತು. ಎರಡನೆಯದನ್ನೂ ಒಂದು ಸುತ್ತು. ಬೆರಳಿಗೆ ಬಿಳಿಯ ಪುಡಿ ಹತ್ತಿತು. ಬಾಯಿಂದ ಉಫ್ ಎಂದು ಊದಿ ಮತ್ತೊಮ್ಮೆ ಸವರಿದ. ಆಮೇಲೆ ನೆಟ್ಟಗಾಗಿ ಸೊಂಟ ಹಿಡಿದುಕೊಂಡು ನಿಂತ.

"ಏನಿಲ್ಲ," ಎಂದ.

"ಏನಿಲ್ಲ ಅಂದ್ರೆ?"

"ಅಂದ್ರೆ ಏನೂ ಇಲ್ಲ. ಒಂದ್ ಗೀರೂ ಇಲ್ಲ. ಕಲ್ಲೇ ಹಿಟ್ಟಾಗಿದೆ."

ಬರ್ನೀಸ್ ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ಬಗ್ಗಿದಳು. ಟಾರ್ಚು ಹಿಡಿದಳು, ಕನ್ನಡಕ ಹಾಕಿದಳು, ತೆಗೆದಳು, ಉಗುರಿನಿಂದ ಕೆರೆದಳು. ರೋಲರಿನ ಹಲ್ಲುಗಳು ಅವಳು ಕೊರೆದ ದಿನ ಇದ್ದಷ್ಟೇ ಚೂಪಾಗಿದ್ದವು. ಅವುಗಳ ಸಂದಿಯಲ್ಲಿ ಪೊಲೋನಿಯಾದ ಕಲ್ಲು ಹಲ್ಲುಪುಡಿಯಂತೆ ಕೂತಿತ್ತು. ಗಡಸು ಹಿಡಿದಿತ್ತು. ಆ ದಿನ ಅವಳ ಕಣ್ಣು ಕಂಡ ಕೆಂಪು ಸರಿಯಾದ ಕೆಂಪೇ ಆಗಿತ್ತು.

ಅವಳಿಗೆ ನಗು ಬಂತು. ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಧೂಳು ಧೂಳು ಎನ್ನುತ್ತಾ ಏಪ್ರನ್ನಿನಲ್ಲಿ ಒರೆಸಿಕೊಂಡಳು.

"ಎಲ್ರಾಯ್ ಎಂಥಾ ಕೆಲ್ಸ ಮಾಡಿಟ್ಟಿದಾನೆ ನೋಡು," ಎಂದ ಲೆನರ್ಡ್, ಇನ್ನೂ ರೋಲರನ್ನೇ ನೋಡುತ್ತಾ.

"ಎಲ್ರಾಯ್ ಅಲ್ಲ." ಬರ್ನೀಸ್ ನೆಟ್ಟಗೆ ನಿಂತಳು. "ನಾನು. ಮೂರನೇ ನಂಬರ್ ಲೇತಲ್ಲಿ, ಊಟದ ಹೊತ್ತಲ್ಲಿ, ಹನ್ನೊಂದು ವಾರ. ಕಾಯಿಸಿದ್ದೂ ನಾನೇ, ಅದ್ದಿದ್ದೂ ನಾನೇ. ಮಾಪಕ ಕೆಟ್ಟಿತ್ತು, ಕಣ್ಣಲ್ಲೇ ನೋಡ್ದೆ."

ಯಾರೂ ನಗಲಿಲ್ಲ. ತಮಾಷೆಯೆಂದು ಯಾರಿಗೂ ಅನ್ನಿಸಲಿಲ್ಲ.

ಲೆನರ್ಡ್ ರೋಲರಿನ ಮೇಲೆ ಇನ್ನೊಮ್ಮೆ ಹೆಬ್ಬೆರಳು ಆಡಿಸಿದ. ಆಮೇಲೆ, "ಹೂಂ. ಅಂತೂ ನಾನ್ ಕಲ್ಸಿದ್ದು ಸುಳ್ಳಾಗ್ಲಿಲ್ಲ," ಎಂದ.

"ನೀವ್ ಕಲ್ಸಿದ್ದು ಪೊರಕೆ ಹಿಡ್ಯೋದು," ಎಂದಳು ಬರ್ನೀಸ್. "ಲೇತ್ ನಾನೇ ಕಲ್ತೆ, ನಿಮ್ ಬೆನ್ನ ಹಿಂದೆ."

"ಅದೂ ನಿಜಾನೇ," ಎಂದು ಮುದುಕ ತಲೆ ತಗ್ಗಿಸಿ ಒಪ್ಪಿಕೊಂಡ. ನಲವತ್ತು ವರ್ಷದಲ್ಲಿ ಲೆನರ್ಡ್ ಗ್ಲೊಡೊವ್ಸ್ಕಿ ಒಂದು ಮಾತಿಗೆ ತಲೆ ತಗ್ಗಿಸಿದ್ದನ್ನು ನಮ್ಮೂರಲ್ಲಿ ಕಂಡವರು ಆ ಕೋಣೆಯಲ್ಲಿದ್ದ ನಾಲ್ವರೇ.

ಅವಳು ರೋಲರಿನ ಪುಡಿಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು, ತಗಡಿನ ಬಾಯಿ ಮತ್ತೆ ಕೂಡಿಸಿ, ಲೆನರ್ಡ್‌ನ ಉಳಿದ ಕಾಲು ಚೀಲವನ್ನೂ ಒಡೆದು ಮುಗಿಸಿದಳು. ಈ ಸಲ ಗಿರಣಿಯ ಪಕ್ಕ ನಿಂತವಳ ಕೈ ಸೊಂಟದ ಮೇಲಿತ್ತು, ಗುಂಡಿಯ ಮೇಲಲ್ಲ. ಮುದುಕ ಡಬ್ಬವನ್ನು ಮಗುವಿನಂತೆ ಅಪ್ಪಿಕೊಂಡು ಹೊರಟ.

ಟೆಶ್ ಬಾಗಿಲ ಬಳಿ ತನ್ನ ಚೀಲದ ಪಕ್ಕ ನಿಂತಿದ್ದ. ಹೊತ್ತುಕೊಂಡು ಹೋಗಬೇಕೋ ಇಲ್ಲೇ ಇರಬೇಕೋ ತಿಳಿಯದೆ ತಲೆ ಕೆರೆದುಕೊಂಡ. "ಬರ್ನಿ, ಇದೇ ಹೆದ್ರಿಕೆ ಅಂತ ಒಂದ್ ಮಾತು ಹೇಳಿದ್ರೆ ನಾವ್ ಯಾರೂ ಕೇಳ್ತಾನೇ ಇರ್ಲಿಲ್ಲ. ನಾವೆಲ್ಲ ನಿನ್ನ... ಬಿಡು, ಏನೇನೋ ಅಂದ್ಕೊಂಡಿದ್ವಿ. ಇದನ್ನ ವಾಸಾಗೇ ತಗೊಂಡ್ ಹೋಗ್ತೀನಿ, ನಿನ್ ಗಿರಣಿಗೆ ಮತ್ತೆ ತೊಂದ್ರೆ ಬೇಡ."

"ಬಿಡೋ ಇಲ್ಲೇ," ಎಂದಳು ಬರ್ನೀಸ್. "ನನ್ ಗಿರಣಿ ಯಾವ ಕಾಳಿಗೂ ಹೆದ್ರಲ್ಲ. ಹೆದರ್ತಿದ್ದೋಳು ನಾನು." ಎಂದವಳೇ ಅವನ ಚೀಲದ ಹೊಲಿಗೆಯ ದಾರ ಹಿಡಿದು ಒಂದೇ ಏಟಿಗೆ ಎಳೆದಳು.